9,000 ರೂಪಾಯಿಯ ಎಲೆಕ್ಟ್ರಿಕ್ ಗಿಟಾರ್: ಇದಕ್ಕೇ ದುಡ್ಡು ಹಾಕೋದಾ, ಮಾರಿ ಬೇರೆ ತಗೊಳ್ಳೋದಾ?

ಸರಸ್ವತಿಪುರಂ ಸ್ಟ್ರಾಟ್:
ಎಲ್ಲರಿಗೂ ನಮಸ್ಕಾರ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಆಕಾರದ ಗಿಟಾರ್, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನ ವಿದ್ಯುತ್ ಸಿಗ್ನಲ್ ಮಾಡುವ, ಒಂದೇ ಸುರುಳಿಯ ಭಾಗ), ಆರು ಸ್ಕ್ರೂ ಟ್ರೆಮೊಲೊ ಬ್ರಿಡ್ಜ್ (ತಂತಿಗಳ ಕೆಳತುದಿ ಹಿಡಿಯುವ, ಕಡ್ಡಿ ಒತ್ತಿ ಸ್ವರ ನಡುಗಿಸಬಹುದಾದ ಭಾಗ). ಹೊಸದರಲ್ಲಿ 9,000 ಕೊಟ್ಟದ್ದು. ಈಗಿನ ತೊಂದರೆ: ಓಪನ್ (ಬೆರಳು ಒತ್ತದ) ತಂತಿ ಶ್ರುತಿ ಮಾಡಿದರೂ ಎಫ್ ಕಾರ್ಡ್ (ಸ್ವರಗುಚ್ಛ) ಅಪಸ್ವರ. 12ನೇ ಫ್ರೆಟ್ (ಬೆರಳು ಒತ್ತುವ ಹಲಗೆಯ ಅಡ್ಡ ಲೋಹಪಟ್ಟಿ) ಮೇಲೆ ಆರನೇ, ಅಂದರೆ ಅತಿ ದಪ್ಪ ತಂತಿ 3 ಮಿ.ಮೀ. ಎತ್ತರ. ಆಂಪ್‌ನಲ್ಲಿ ಸದಾ ಗುಂಯ್ ಶಬ್ದ, ತಂತಿ ಮುಟ್ಟಿದರೆ ಕಡಿಮೆ ಆಗುತ್ತೆ. ಪಿಕಪ್ ಸ್ವಿಚ್ ಕರಕರ ಅನ್ನುತ್ತೆ. ಟ್ರೆಮೊಲೊ ಒಮ್ಮೆ ಒತ್ತಿದರೆ ಶ್ರುತಿ ವಾಪಸ್ ಬರಲ್ಲ. ಕೈಯಲ್ಲಿರೋದು 5,000. ಎಲ್ಲವನ್ನೂ ಒಳ್ಳೆ ಪಿಕಪ್ ಸೆಟ್‌ಗೇ ಹಾಕಬೇಕು ಅಂತ ಯೋಚನೆ. ಸರಿಯಾ?

ಆರನೇ ತಂತಿ:
ಪಿಕಪ್ ವಿಷಯ ಸದ್ಯಕ್ಕೆ ಬಿಡಿ. ನೀವು ಬರೆದ ಐದರಲ್ಲಿ ಗುಂಯ್ ಶಬ್ದದ ಒಂದು ಭಾಗ ಬಿಟ್ಟರೆ ಉಳಿದ ಯಾವುದಕ್ಕೂ ಪಿಕಪ್ ಕಾರಣ ಅಲ್ಲ. 5,000 ಕೊಟ್ಟು ಪಿಕಪ್ ಹಾಕಿಸಿದರೆ ಅದೇ ಅಪಸ್ವರ ಇನ್ನೂ ಸ್ಪಷ್ಟವಾಗಿ ಕೇಳುತ್ತೆ, ಅಷ್ಟೇ.

ಒಂದು ರೂಪಾಯಿ ಖರ್ಚು ಮಾಡೋಕೆ ಮುಂಚೆ ನೆಕ್ (ಫ್ರೆಟ್‌ಗಳಿರುವ ಉದ್ದ ಹಿಡಿ) ನೋಡಿ. ಈ ಗಿಟಾರ್‌ಗೆ ದುಡ್ಡು ಹಾಕಬಹುದಾ ಬೇಡವಾ ಅನ್ನೋದನ್ನ ನೆಕ್ ತೀರ್ಮಾನಿಸುತ್ತೆ, ಮಿಕ್ಕಿದ್ದೆಲ್ಲ ಬದಲಾಯಿಸಬಹುದಾದ ಸಾಮಾನು. ಬ್ರಿಡ್ಜ್ ಕಡೆಯಿಂದ ಹೆಡ್‌ಸ್ಟಾಕ್ (ಶ್ರುತಿ ಬಿರಡೆಗಳಿರುವ ತುದಿ) ಕಡೆಗೆ ಒಂದೇ ಕಣ್ಣಲ್ಲಿ ನೋಡಿ. ಎರಡು ಅಂಚಿನ ಗೆರೆಗಳು ಒಂದೇ ರೀತಿ ಬಾಗಿದ್ದರೆ ತೊಂದರೆ ಇಲ್ಲ. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ಹೋಗಿದ್ದರೆ ನೆಕ್ ತಿರುಚಿದೆ, ಅದಕ್ಕೆ ಖರ್ಚು ಮಾಡಬೇಡಿ.

ಆಮೇಲೆ ರಿಲೀಫ್, ಅಂದರೆ ನೆಕ್‌ನ ಸಣ್ಣ ಬಾಗು. ಶ್ರುತಿ ಮಾಡಿಕೊಂಡು, ಮೊದಲನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಆರನೇ ತಂತಿಯನ್ನ ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಅಂತ ಅಳೆಯಿರಿ. 0.25 ಮಿ.ಮೀ. ಸುತ್ತಮುತ್ತ ಇರಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತೆ, ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡೋದು ಅದರಲ್ಲೇ. ಇಲ್ಲದಿದ್ದರೆ ಮಾಮೂಲಿ ಜೆರಾಕ್ಸ್ ಹಾಳೆ ಒಂದಕ್ಕೆ ಸುಮಾರು 0.1 ಮಿ.ಮೀ. ದಪ್ಪ, ಎಷ್ಟು ಹಾಳೆ ಸಲೀಸಾಗಿ ತೂರುತ್ತೆ ಎಣಿಸಿ.

ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಉಕ್ಕಿನ ಸರಳು) ಬಿಗಿ ಮಾಡಬೇಕು. ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಮತ್ತೆ ಶ್ರುತಿ, ಮತ್ತೆ ಅಳತೆ. ಒಂದೇ ಸಲ ಅರ್ಧ ಸುತ್ತಿಗಿಂತ ಹೆಚ್ಚು ಬೇಡ. ಅಲೆನ್ ಕೀ ಸಾಮಾನ್ಯವಾಗಿ 4 ಅಥವಾ 5 ಮಿ.ಮೀ. ಸಡಿಲವಾಗಿ ಕೂರುವ ಕೀ ಹಾಕಿದರೆ ರಾಡ್ ತುದಿಯ ನಟ್ಟಿನ ಒಳಮೂಲೆ ಸವೆದುಹೋಗುತ್ತೆ, ಆಮೇಲೆ ಯಾವ ಕೀಗೂ ಸಿಗಲ್ಲ. ರಾಡ್ ತಿರುಗಲೇ ಇಲ್ಲ ಅಂದರೆ ಬಲ ಹಾಕಬೇಡಿ, ಅಲ್ಲಿಗೆ ನಿಲ್ಲಿಸಿ.

ಸಕ್ಕರೆನಾಡು ರಿದಮ್:
ನಾನು ಬೇರೆ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡಿ. 9,000ದ ಗಿಟಾರ್‌ಗೆ 5,000 ಹಾಕಿದ್ರೆ ಅದು 14,000ದ ಗಿಟಾರ್ ಆಗಲ್ಲ ಕಣಣ್ಣ. ಮಾರಕ್ಕೆ ಹೋದ್ರೆ ತಗೊಳ್ಳೋನು ಹೆಡ್‌ಸ್ಟಾಕ್ ಮೇಲಿನ ಹೆಸರು ನೋಡಿ ರೇಟ್ ಕಟ್ತಾನೆ, ಒಳಗೆ ಏನ್ ಹಾಕಿದೀರಿ ಅಂತ ಯಾರೂ ಕೇಳಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆ ಕಂಪನಿ ಗಿಟಾರು ಹದಿನೈದರ ಒಳಗೆ ಹುಡುಕಿದ್ರೆ ಸಿಗುತ್ತೆ. ಇದನ್ನ ಕೊಟ್ಟು ಅದಕ್ಕೆ ಸೇರಿಸಿ. ಫ್ರೆಟ್ ನೀಟಾಗಿರುತ್ತೆ, ನೆಕ್ ನೆಟ್ಟಗಿರುತ್ತೆ, ಮಾರೋ ಕಾಲಕ್ಕೂ ದುಡ್ಡು ವಾಪಸ್.

ಕುವೆಂಪುನಗರ ಫ್ರೆಟ್ಸ್:
ರಿದಮ್ ಅಣ್ಣ ಮಾರಾಟದ ಲೆಕ್ಕದಲ್ಲಿ ಹೇಳಿದ್ದು ಪೂರ್ತಿ ನಿಜ. ಬದಲಾಯಿಸಿದ ಭಾಗದ ದುಡ್ಡು ವಾಪಸ್ ಬರಲ್ಲ. ಅದಕ್ಕೇ ತೆಗೆದ ಹಳೇ ಭಾಗ, ಸ್ಕ್ರೂ ಸಮೇತ, ಒಂದು ಕವರ್‌ನಲ್ಲಿ ಎತ್ತಿಡಬೇಕು. ಮಾರುವಾಗ ಹಳೇದನ್ನ ಕೂರಿಸಿ, ಒಳ್ಳೇದನ್ನ ಮುಂದಿನ ಗಿಟಾರ್‌ಗೆ ಒಯ್ಯಬಹುದು.

ಆದರೆ ಸೆಕೆಂಡ್ ಹ್ಯಾಂಡ್ ತಂದರೂ ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರುವ ಸೀಳುಪಟ್ಟಿ), ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ), ಇಂಟೊನೇಶನ್ (ಒತ್ತಿದ ಸ್ವರವೂ ಶ್ರುತಿಯಲ್ಲಿರೋದು) ಸೆಟ್ ಮಾಡುವ ಕೆಲಸ ತಪ್ಪಲ್ಲ. ಅದನ್ನ ಕಲಿಯೋಕೆ ಹೆದರಿಕೆ ಇಲ್ಲದೆ ಬಿಚ್ಚಬಹುದಾದ ಗಿಟಾರ್ ಬೇಕು. ನನ್ನ ಪ್ರಕಾರ ಅಗ್ಗದ ಗಿಟಾರ್‌ನ ನಿಜವಾದ ಬೆಲೆ ಅದೇ. ಇವರ ತೊಂದರೆಗಳಿಗೆ 5,000 ಬೇಕೇ ಇಲ್ಲ.

ಎಫ್ ಕಾರ್ಡ್ ಅಪಸ್ವರಕ್ಕೆ ಬರ್ತೀನಿ. ಇದು ನಟ್ ಎತ್ತರದ ಸಮಸ್ಯೆ. ಅಗ್ಗದ ಗಿಟಾರ್‌ಗಳಲ್ಲಿ ನಟ್ ಸೀಳುಗಳನ್ನ ಆಳವಾಗಿ ಕೊಯ್ಯದೆ ಬಿಟ್ಟಿರ್ತಾರೆ, ಯಾಕಂದರೆ ಆಳ ಕಡಿಮೆ ಆದರೆ ಗಿರಾಕಿಗೆ ಬಝ್ (ತಂತಿ ಫ್ರೆಟ್‌ಗೆ ತಾಗುವ ಝರಝರ) ಕೇಳಿಸಲ್ಲ. ತಂತಿ ನಟ್ ಹತ್ತಿರ ಎತ್ತರದಲ್ಲಿದ್ದಾಗ ಮೊದಲನೇ ಫ್ರೆಟ್‌ಗೆ ಒತ್ತೋದಕ್ಕೆ ಅದನ್ನ ಹೆಚ್ಚು ಎಳೆಯಬೇಕಾಗುತ್ತೆ, ಎಳೆದಷ್ಟೂ ಸ್ವರ ಮೇಲೇರುತ್ತೆ. ಮೊದಲ ಮೂರು ಫ್ರೆಟ್‌ನಲ್ಲಿ ಇದು ಜೋರು, ಮೇಲೆ ಹೋದಂತೆ ಕರಗುತ್ತೆ. ವೀಣೆಯಲ್ಲಾದರೆ ಮೇಣದ ಮೇಲೆ ಕೂರಿಸಿದ ಮೆಟ್ಟಿಲನ್ನ ಸರಿಸಿ ಸ್ವರ ತಿದ್ದಬಹುದು. ಗಿಟಾರ್ ಫ್ರೆಟ್ ಮರಕ್ಕೆ ಬಡಿದದ್ದು, ಸರಿಯಲ್ಲ. ಹಾಗಾಗಿ ನಟ್ಟನ್ನೇ ತಿದ್ದಬೇಕು.

ಪರೀಕ್ಷೆ ಹೀಗೆ: ತಂತಿಯನ್ನ 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ. ಆಗ ಮೊದಲನೇ ಫ್ರೆಟ್ ಮೇಲೆ ಕೂದಲೆಳೆ ಸಂದು ಉಳಿಯಬೇಕು, 0.05 ರಿಂದ 0.1 ಮಿ.ಮೀ. ಒಂದು ಜೆರಾಕ್ಸ್ ಹಾಳೆ ತೂರಿಸಿದರೆ ತಂತಿ ಅದಕ್ಕೆ ತಾಗುವಷ್ಟು. ಎರಡು ಮೂರು ಹಾಳೆ ಆರಾಮಾಗಿ ಹೋದರೆ ಸೀಳು ಮೇಲಿದೆ. ಸಂದೇ ಇಲ್ಲದಿದ್ದರೆ ಆಗಲೇ ಆಳವಾಗಿದೆ, ಮುಟ್ಟಬೇಡಿ.

ಕೊಯ್ಯೋಕೆ ನಟ್ ಫೈಲ್ ಸೆಟ್ ಇದ್ದರೆ ಉತ್ತಮ, ಆದರೆ ದುಬಾರಿ. ಗ್ಯಾಸ್ ವೆಲ್ಡಿಂಗ್ ಮಾಡೋರು ನಾಜಲ್ ಕ್ಲೀನ್ ಮಾಡುವ ಸಣ್ಣ ಕಂಬಿಗಳ ಸೆಟ್ ಇಟ್ಟಿರ್ತಾರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಮೈಯೆಲ್ಲ ಅರದ ಹಲ್ಲಿರುವ ತೆಳು ಕಂಬಿಗಳು, ದಪ್ಪ ತಂತಿಗಳಿಗೆ ಚೆನ್ನಾಗಿ ಆಗುತ್ತೆ. 9-42 ತಂತಿ ಸೆಟ್‌ನಲ್ಲಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಆರನೇ ತಂತಿ 1.07 ಮಿ.ಮೀ., ಐದನೇದು 0.81, ನಾಲ್ಕನೇದು 0.61. ತಂತಿಗಿಂತ ಕೂದಲೆಳೆ ಅಗಲದ ಕಂಬಿ ಆರಿಸಿ. ಮೊದಲನೇ ತಂತಿ 0.23, ಎರಡನೇದು 0.28 ಮಿ.ಮೀ. ಮಾತ್ರ, ಅಷ್ಟು ಸಣ್ಣ ಕಂಬಿ ಆ ಸೆಟ್‌ನಲ್ಲಿ ಇರಲ್ಲ. ಅಗಲದ ಕಂಬಿ ಹಾಕಿದರೆ ತಂತಿ ಸೀಳಿನೊಳಗೆ ಅಲುಗಾಡಿ ಸಿತಾರ್ ಥರ ಝೇಂಕರಿಸುತ್ತೆ. ಆ ಎರಡಕ್ಕೆ ಮಾತ್ರ ಸರಿಯಾದ ಫೈಲ್ ಬೇಕೇ ಬೇಕು.

ಕಂಬಿಯನ್ನ ಹೆಡ್‌ಸ್ಟಾಕ್ ಕಡೆಗೆ ಸ್ವಲ್ಪ ಇಳಿಜಾರಾಗಿ ಹಿಡಿಯಿರಿ. ತಂತಿ ನಟ್ಟನ್ನ ಬಿಡುವ ಜಾಗ ಫಿಂಗರ್‌ಬೋರ್ಡ್ ಕಡೆಯ ಅಂಚೇ ಆಗಿರಬೇಕು. ಇಳಿಜಾರು ತಲೆಕೆಳಗಾದರೆ ಓಪನ್ ತಂತಿ ಕರ್ಕಶ ಆಗುತ್ತೆ, ಶ್ರುತಿಯೂ ಹಾಳು. ನಾಲ್ಕು ಸಲ ಎಳೆದು, ತಂತಿ ಕೂರಿಸಿ, ಶ್ರುತಿ ಮಾಡಿ, ಹಾಳೆ ತೂರಿಸಿ ನೋಡಿ, ಮತ್ತೆ ನಾಲ್ಕು ಸಲ. ಆತುರ ಬೇಡ. ಆಳ ಜಾಸ್ತಿ ಆದರೆ ಸೀಳಿಗೆ ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕ್ಷಣದಲ್ಲಿ ಗಟ್ಟಿಯಾಗುತ್ತೆ, ಮತ್ತೆ ಕೊಯ್ಯಬಹುದು. ಹೊಗೆ ಬರುತ್ತೆ, ಮುಖ ದೂರ ಇಡಿ, ಸುತ್ತ ಮಾಸ್ಕಿಂಗ್ ಟೇಪ್ ಹಾಕಿ. ಅದು ತಾತ್ಕಾಲಿಕ ಪರಿಹಾರ. ಮೂಳೆಯ ನಟ್ ಹಾಕಿಸೋದು ಈ ಗಿಟಾರ್‌ಗೆ ಮಾಡಬಹುದಾದ ಅತ್ಯಂತ ಸಾರ್ಥಕ ಖರ್ಚು.

ಬೆಸುಗೆ ಕಡ್ಡಿ:
ಗುಂಯ್ ಶಬ್ದದ ಬಗ್ಗೆ. ತಂತಿ ಮುಟ್ಟಿದಾಗ ಕಡಿಮೆ ಆಗುತ್ತೆ ಅಂದರೆ ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವೈರ್ ಸರಿಯಾಗಿದೆ. ಮುಟ್ಟಿದಾಗ ಹೆಚ್ಚಾದರೆ ಆ ವೈರ್ ಕಿತ್ತುಬಂದಿದೆ ಅಥವಾ ಜಾಕ್‌ನಲ್ಲಿ (ಕೇಬಲ್ ಚುಚ್ಚುವ ಜಾಗ) ಎರಡು ವೈರ್ ಅದಲುಬದಲಾಗಿದೆ ಅಂತ ಅನುಮಾನ ಪಡಬೇಕು.

ಈಗ ಕೂತಲ್ಲೇ ಗಿಟಾರ್ ಹಿಡಿದು ನಿಧಾನವಾಗಿ ತಿರುಗಿ. ಒಂದು ದಿಕ್ಕಲ್ಲಿ ಶಬ್ದ ಬಹಳ ಇಳಿದರೆ ಅದು ಟ್ರಾನ್ಸ್‌ಫಾರ್ಮರ್, ಫ್ಯಾನ್ ಮೋಟಾರ್‌ನಿಂದ ಬರುವ 50 ಹರ್ಟ್ಸ್ ಕಾಂತಕ್ಷೇತ್ರ. ಸಿಂಗಲ್ ಕಾಯಿಲ್ ಅದನ್ನ ಹಿಡಿಯೋದು ಅದರ ಗುಣ, ತಾಮ್ರದ ಟೇಪ್ ಏನೂ ಮಾಡಲ್ಲ. ಆಂಪ್‌ನಿಂದ ದೂರ ಕೂರಿ. ಸ್ವಿಚ್‌ನ 2 ಮತ್ತು 4ನೇ ಸ್ಥಾನದಲ್ಲಿ (ಎರಡು ಪಿಕಪ್ ಒಟ್ಟಿಗೆ ಕೇಳುವ ಕಡೆ) ಆ ಗುಂಯ್ ಮಾಯವಾದರೆ ನಿಮ್ಮ ಮಧ್ಯದ ಪಿಕಪ್ ಉಲ್ಟಾ ಸುತ್ತಿದ್ದು, ಅದು ಒಳ್ಳೇದು. ಎತ್ತ ತಿರುಗಿದರೂ ಚರ್‌ರ್ ಅನ್ನೋ ಚೂಪು ಶಬ್ದ ಹಾಗೇ ಇದ್ದರೆ ಅದು ಟ್ಯೂಬ್‌ಲೈಟ್, ಡಿಮ್ಮರ್, ಚಾರ್ಜರ್‌ನದ್ದು. ಅದಕ್ಕೆ ಶೀಲ್ಡಿಂಗ್ (ಒಳಗೆ ತಾಮ್ರದ ಹೊದಿಕೆ) ಕೆಲಸ ಮಾಡುತ್ತೆ.

ಅಂಟೂ ವಿದ್ಯುತ್ ಹರಿಸುವ ತಾಮ್ರದ ಟೇಪ್ ತಗೊಳ್ಳಿ. ಬಾಡಿಯಲ್ಲಿ ವೈರಿಂಗ್ ಇರುವ ಗುಂಡಿಯ ತಳ, ಗೋಡೆ, ಪಿಕ್‌ಗಾರ್ಡ್ (ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳ) ಹಿಂಭಾಗ ಎಲ್ಲ ಅಂಟಿಸಿ, ಗುಂಡಿಯ ಅಂಚಿಂದ ಅರ್ಧ ಸೆಂಟಿಮೀಟರ್ ಹೊರಗೆ ಮಡಚಿ, ಪಿಕ್‌ಗಾರ್ಡ್ ಕೂತಾಗ ಎರಡೂ ತಾಗಬೇಕು. ತುಂಡುಗಳ ನಡುವೆ ಮಲ್ಟಿಮೀಟರ್ ಇಟ್ಟರೆ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಒಂದು ವೈರ್‌ನಿಂದ ಇದನ್ನ ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಕಂಟ್ರೋಲ್) ಬೆನ್ನಿಗೆ ಸೇರಿಸಿ. ಎಲ್ಲ ಮುಗಿಸಿ ಸ್ಕ್ರೂ ಹಾಕಿದ ಮೇಲೆ ಶಬ್ದವೇ ಬರ್ತಿಲ್ಲ ಅಂದರೆ ಸ್ವಿಚ್ ಅಥವಾ ಜಾಕ್‌ನ ಸಿಗ್ನಲ್ ಟರ್ಮಿನಲ್ ತಾಮ್ರಕ್ಕೆ ತಾಗಿ ಶಾರ್ಟ್ ಆಗಿದೆ. ಆ ಜಾಗದಲ್ಲಿ ತಾಮ್ರದ ಮೇಲೆ ಇನ್ಸುಲೇಶನ್ ಟೇಪ್ ಹಚ್ಚಿ.

ಬೆಸುಗೆಗೆ 60/40 ತವರ-ಸೀಸ (ಲೆಡ್), ರಾಳದ ಫ್ಲಕ್ಸ್. ತಗಡಿಗೆ ಹಚ್ಚುವ ಆಸಿಡ್ ಫ್ಲಕ್ಸ್ ಹತ್ತಿರಕ್ಕೂ ತರಬೇಡಿ, ಕೆಲವು ತಿಂಗಳಲ್ಲಿ ವೈರ್ ಹಸಿರು ಹಿಡಿದು ಕತ್ತರಿಸಿಹೋಗುತ್ತೆ. ಸ್ವಿಚ್, ಜಾಕ್‌ಗೆ 25 ವ್ಯಾಟ್ ಐರನ್ ಸಾಕು. ಪಾಟ್ ಬೆನ್ನು ಶಾಖ ಎಳೆದುಕೊಳ್ಳುತ್ತೆ, ಅದಕ್ಕೆ 50-60 ವ್ಯಾಟ್ ಬೇಕು. ಸಣ್ಣ ಐರನ್ ಇಟ್ಟು ತುಂಬಾ ಹೊತ್ತು ಕಾಯಿಸಿದರೆ ಪಾಟ್ ಒಳಗಿನ ಇಂಗಾಲದ ಪಟ್ಟಿ ಸುಡುತ್ತೆ. ಮೊದಲು ಆ ಜಾಗವನ್ನ ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿ.

ಸ್ವಿಚ್ ಕರಕರಕ್ಕೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ಅತ್ತಿತ್ತ ಆಡಿಸಿ. ಹೋಗದಿದ್ದರೆ ಸ್ವಿಚ್ ಬದಲಿಸಿ. ಡಬ್ಬಿ ಥರ ಮುಚ್ಚಿದ ಅಗ್ಗದ ಸ್ವಿಚ್ ತೆಗೆದು ತೆರೆದ ಎಲೆಯ ಸ್ವಿಚ್ ಹಾಕುವಾಗ ಗುಂಡಿಯ ಆಳ ಅಳೆಯಿರಿ, ತೆರೆದದ್ದು ಹೆಚ್ಚು ಆಳ ಕೇಳುತ್ತೆ.

ಸರಸ್ವತಿಪುರಂ ಸ್ಟ್ರಾಟ್:
ಎಲ್ಲರಿಗೂ ಧನ್ಯವಾದ. ಅಳೆದದ್ದು: ನೆಕ್ ತಿರುಚಿಲ್ಲ. 8ನೇ ಫ್ರೆಟ್ ಮೇಲೆ 0.6 ಮಿ.ಮೀ. ನಟ್ ಪರೀಕ್ಷೆಯಲ್ಲಿ ಮೂರು ಹಾಳೆ ಆರಾಮಾಗಿ ಹೋಗುತ್ತೆ. ತಿರುಗಿ ನೋಡಿದಾಗ ಗುಂಯ್ ಇಳಿಯುತ್ತೆ, ಚರ್‌ರ್ ಇಳಿಯಲ್ಲ. ಬ್ರಿಡ್ಜ್ ಸ್ಯಾಡಲ್‌ಗಳು (ತಂತಿ ಕೂರುವ ತುಂಡುಗಳು) ಇನ್ನೂ ಕೆಳಗಿಳಿಸೋಕೆ ಜಾಗ ಇದೆ. ಮುಂದಿನ ಕ್ರಮ ಏನು?

ಆರನೇ ತಂತಿ:
ರಾಡ್ ಮೊದಲು. 0.6 ರಿಂದ 0.25ಕ್ಕೆ ತಂದರೆ 12ನೇ ಫ್ರೆಟ್ ಎತ್ತರ ತಾನಾಗೇ ಸ್ವಲ್ಪ ಇಳಿಯುತ್ತೆ. ಆಮೇಲೆ ನಟ್. ಆಮೇಲೆ ಸ್ಯಾಡಲ್: ಆರನೇ ತಂತಿ 12ನೇ ಫ್ರೆಟ್ ಮೇಲೆ 2 ಮಿ.ಮೀ., ಮೊದಲನೇದು 1.6 ಇಟ್ಟು ಶುರುಮಾಡಿ. ಸ್ಯಾಡಲ್ ಸ್ಕ್ರೂಗೆ ಸಾಮಾನ್ಯವಾಗಿ 1.5 ಮಿ.ಮೀ. ಅಲೆನ್ ಕೀ. ಫೆಂಡರ್ ಕಂಪನಿಯ ಅಳತೆ ಓದುವವರು ಗಮನಿಸಿ, ಅವರು ಅಳೆಯೋದು 17ನೇ ಫ್ರೆಟ್‌ನಲ್ಲಿ, ಫಿಂಗರ್‌ಬೋರ್ಡ್ ಉಬ್ಬಿನ ರೇಡಿಯಸ್ 9.5 ರಿಂದ 12 ಇಂಚು ಇದ್ದರೆ ಅಲ್ಲಿ 1.6 ಮಿ.ಮೀ. ಎರಡನ್ನೂ ಬೆರೆಸಬೇಡಿ.

ಎಲ್ಲ ಇಳಿಸಿದ ಮೇಲೆ ಒಂದೇ ಫ್ರೆಟ್‌ನಲ್ಲಿ ಬಝ್ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಹಳೇ ಎಟಿಎಂ ಕಾರ್ಡಿನ ನೇರ ಅಂಚನ್ನ ಮೂರು ಫ್ರೆಟ್ ಮೇಲೆ ನಿಲ್ಲಿಸಿ, ಕಟಕಟ ಅಲ್ಲಾಡಿದರೆ ನಡುವಿನದ್ದು ಎತ್ತರ. ಕೆಳಗೆ ಒತ್ತಿದಾಗ ಅಲುಗಿದರೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಬಹುದು. ಅಲುಗದಿದ್ದರೆ ಲೆವೆಲ್ ಮಾಡಿಸಬೇಕು, ಅದು ಕಲಿತವರ ಕೈಕೆಲಸ.

ಕೊನೆಗೆ ಹೊಸ ತಂತಿ ಹಾಕಿ ಇಂಟೊನೇಶನ್. 12ನೇ ಫ್ರೆಟ್ ಹಾರ್ಮೋನಿಕ್ (ಒತ್ತದೆ ಬೆರಳು ತಾಗಿಸಿ ಮೀಟಿದ ಸ್ವರ) ಮತ್ತು ಅದೇ ಫ್ರೆಟ್ ಒತ್ತಿದ ಸ್ವರ, ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ನೆಕ್ ಕಡೆಗೆ. ಹಳೇ ತುಕ್ಕು ತಂತಿಯಲ್ಲಿ ಇದನ್ನ ಮಾಡಿದರೆ ಸಮಯ ದಂಡ.

ಸಕ್ಕರೆನಾಡು ರಿದಮ್:
ನೆಕ್ ಸರಿ ಇದೆ ಅಂದ್ಮೇಲೆ ಮಾರೋ ಮಾತು ವಾಪಸ್ ತಗೊಂಡೆ. ಟ್ರೆಮೊಲೊಗೆ ನಾನು ಹೇಳ್ತೀನಿ. ವೈಬ್ರೇಟೊ (ಟ್ರೆಮೊಲೊದಿಂದ ಸ್ವರ ನಡುಗಿಸೋದು) ಬೇಡ್ವಾ, ಬ್ರಿಡ್ಜನ್ನ ಮರದ ಮೇಲೆ ಕೂರಿಸ್ಬುಡಿ. ಹಿಂದಿನ ಮುಚ್ಚಳ ತೆಗೆದು, ಸ್ಪ್ರಿಂಗ್ ಹಿಡಿದಿರೋ ಪಂಜದ ಎರಡು ಸ್ಕ್ರೂ ಅರ್ಧರ್ಧ ಸುತ್ತು ಬಿಗಿ ಮಾಡ್ತಾ ಬನ್ನಿ, ಬ್ರಿಡ್ಜ್ ಹಿಂಭಾಗ ಬಾಡಿಗೆ ತಾಗೋವರೆಗೆ. ಮೂರು ಸ್ಪ್ರಿಂಗ್‌ಗೆ ನಿಲ್ದಿದ್ರೆ ನಾಲ್ಕನೇದು ಹಾಕಿ. ಒಂದು ತಂತಿ ಕಿತ್ತೋದ್ರೂ ಉಳಿದ ಐದು ಶ್ರುತಿ ಬಿಡಲ್ಲ, ಸ್ಟೇಜ್ ಮೇಲೆ ಅದೇ ಬೇಕಾದ್ದು. ಇದಾದ ಮೇಲೆ ಆಕ್ಷನ್ನೂ ಇಂಟೊನೇಶನ್ನೂ ಮತ್ತೆ ನೋಡ್ಕಬೇಕು, ಅದಕ್ಕೇ ಇದನ್ನ ಅವೆರಡಕ್ಕೂ ಮುಂಚೆ ಮಾಡಿ.

ವೈಬ್ರೇಟೊ ಬೇಕಂದ್ರೆ ಮುಂದಿನ ಆರು ಸ್ಕ್ರೂ ನೋಡಿ. ಆರನ್ನೂ ಕಚ್ಚಿ ಬಿಗಿದಿದ್ರೆ ಬ್ರಿಡ್ಜ್ ವಾಪಸ್ ಬರಲ್ಲ. ನಡುವಿನ ನಾಲ್ಕನ್ನ 1 ಮಿ.ಮೀ. ಎತ್ತಿ, ಎರಡು ತುದಿಯವು ಮಾತ್ರ ಆಧಾರ ಕೊಡಲಿ. ನಟ್ ಸೀಳಿಗೆ, ಸ್ಟ್ರಿಂಗ್ ಟ್ರೀ (ಹೆಡ್‌ಸ್ಟಾಕ್ ಮೇಲೆ ತಂತಿ ಒತ್ತಿ ಹಿಡಿಯೋ ಕೊಕ್ಕೆ) ಕೆಳಗೆ ಮೆತ್ತನೆ ಪೆನ್ಸಿಲ್ ಗೀಚಿ. ಎಷ್ಟೋ ಸಲ ಟ್ಯೂನರ್ (ಶ್ರುತಿ ಬಿರಡೆ) ತಪ್ಪು ಅಂತ ಬೈಯೋದು, ಹಿಡ್ಕೊಂಡಿರೋದು ನಟ್.

ಕುವೆಂಪುನಗರ ಫ್ರೆಟ್ಸ್:
ಅದಕ್ಕೆ ಸೇರಿಸ್ತೀನಿ. ಸ್ಕ್ರೂ ರಂಧ್ರ ಸಡಿಲ ಆಗಿದ್ದರೆ ಊದುಬತ್ತಿಯ ಬರೀ ಬಿದಿರಿನ ತುದಿ ಮುರಿದು, ಫೆವಿಕಾಲ್ ಸವರಿ ತುಂಬಿ, ಒಂದು ದಿನ ಒಣಗಿಸಿ, ಮೇಲ್ಮಟ್ಟಕ್ಕೆ ಕತ್ತರಿಸಿ, ಸಣ್ಣ ಡ್ರಿಲ್‌ನಿಂದ ದಾರಿ ಮಾಡಿ ಸ್ಕ್ರೂ ಹಾಕಿ.

ಬ್ರಿಡ್ಜೇ ಬದಲಿಸುವ ಯೋಚನೆ ಇದ್ದರೆ ಆರ್ಡರ್ ಮಾಡೋಕೆ ಮುಂಚೆ ಎರಡು ಅಳತೆ: ಮೊದಲನೇ ತಂತಿಯಿಂದ ಆರನೇ ತಂತಿಗೆ ಸ್ಯಾಡಲ್ ಮೇಲೆ ಎಷ್ಟು ದೂರ, ಬಾಡಿ ದಪ್ಪ ಎಷ್ಟು. ಅಗ್ಗದವು ಹೆಚ್ಚಾಗಿ 52.5 ಮಿ.ಮೀ., ಹಳೇ ಫೆಂಡರ್ ಮಾದರಿ ಸುಮಾರು 56. ಸ್ಕ್ರೂ ರಂಧ್ರಗಳ ಅಂತರವೂ ಬೇರೆ. ಬಾಡಿ ಪೂರ್ತಿ 45 ಮಿ.ಮೀ. ಇಲ್ಲದೆ 40ರ ಆಸುಪಾಸು ಇದ್ದರೆ ಬ್ರಿಡ್ಜ್ ಕೆಳಗಿನ ದೊಡ್ಡ ಉಕ್ಕಿನ ಬ್ಲಾಕ್ ಹಿಂದಿನಿಂದ ಹೊರಚಾಚುತ್ತೆ. ಟ್ಯೂನರ್‌ಗೂ ಹಾಗೇ, ಹೆಡ್‌ಸ್ಟಾಕ್ ರಂಧ್ರ 10 ಮಿ.ಮೀ. ಇದೆಯಾ 8.5 ಇದೆಯಾ ನೋಡಿ.

ಬೆಸುಗೆ ಕಡ್ಡಿ:
ಪಾಟ್ ತರುವಾಗಲೂ ಇದೇ ಎಚ್ಚರ. ಸಣ್ಣ ಮೆಟ್ರಿಕ್ ಪಾಟ್ ಕೂತಿದ್ದ ಪಿಕ್‌ಗಾರ್ಡ್ ರಂಧ್ರಕ್ಕೆ ದೊಡ್ಡ ಅಮೆರಿಕನ್ ಮಾದರಿ ಪಾಟ್ ಹೋಗಲ್ಲ, ಅದಕ್ಕೆ 9.5 ಮಿ.ಮೀ. ಬೇಕು. ಅದರ ಶಾಫ್ಟ್‌ನಲ್ಲಿ ಹಲ್ಲು 24, ಮೆಟ್ರಿಕ್‌ನಲ್ಲಿ 18, ಹಳೇ ನಾಬ್ ಕೂರಲ್ಲ.

ಪಿಕಪ್ ಬದಲಿಸೋಕೆ ಮುಂಚೆ ಇರೋದನ್ನ ಅಳೆಯಿರಿ. ಕೇಬಲ್ ಚುಚ್ಚಿ, ವಾಲ್ಯೂಮ್, ಟೋನ್ ಪೂರ್ತಿ ತೆರೆದು, ಕೇಬಲ್ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಡಿ. ಒಂದೊಂದು ಸಿಂಗಲ್ ಕಾಯಿಲ್‌ಗೆ 5 ರಿಂದ 8 ಕಿಲೋಓಮ್ ಬಂದರೆ ಸುರುಳಿ ಜೀವಂತ. ಪಿಕಪ್ ಬದಲು 250 ಕಿಲೋಓಮ್ ಹತ್ತಿರ ತೋರಿಸಿದರೆ ಆ ಸುರುಳಿ ಅಥವಾ ಸ್ವಿಚ್ ಎಲ್ಲೋ ಕತ್ತರಿಸಿದೆ, ನೀವು ನೋಡ್ತಿರೋದು ವಾಲ್ಯೂಮ್ ಪಾಟನ್ನ. ಆಗ 250ರ ಬದಲು 500 ತೋರಿಸಿದರೆ ಸಿಂಗಲ್ ಕಾಯಿಲ್‌ಗೆ 500ರ ಪಾಟ್ ಹಾಕಿದ್ದಾರೆ, ಕಿವಿ ಚುಚ್ಚುವ ಧ್ವನಿಗೆ ಅದೂ ಒಂದು ಕಾರಣ. 250ರ ಪಾಟ್ ಹಾಕಿದರೆ ಧ್ವನಿ ಮೆತ್ತಗಾಗುತ್ತೆ.

ಇನ್ನೊಂದು ಬಿಟ್ಟಿ ಉಪಾಯ ಪಿಕಪ್ ಎತ್ತರ. ಕೊನೆಯ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿ ಕಡೆ 2.4, ತೆಳು ಕಡೆ 2 ಮಿ.ಮೀ. ಇಡಿ. ತೀರಾ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನ ಎಳೆದು, ಆರನೇ ತಂತಿಯ 12ನೇ ಫ್ರೆಟ್ ಮೇಲೆ ಎರಡು ಸ್ವರ ಜಗಳ ಆಡಿದ ಹಾಗೆ ಕೇಳುತ್ತೆ.

ಇಷ್ಟಾದ ಮೇಲೂ ಹೊಸ ಪಿಕಪ್ ಬೇಕೆನಿಸಿದರೆ ಮೂರನ್ನೂ ಒಟ್ಟಿಗೆ ತಗೊಳ್ಳಿ. ಒಂದನ್ನ ಮಾತ್ರ ಬದಲಿಸಿ 2ನೇ ಅಥವಾ 4ನೇ ಸ್ಥಾನದಲ್ಲಿ ಧ್ವನಿ ಮೂಗಿನಲ್ಲಿ ಹಾಡಿದ ಹಾಗೆ ತೆಳುವಾದರೆ ಫೇಸ್ ಉಲ್ಟಾ, ಅಂದರೆ ಎರಡು ಪಿಕಪ್‌ಗಳ ಸಿಗ್ನಲ್ ಒಂದನ್ನೊಂದು ಅಳಿಸುತ್ತಿವೆ. ಆ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿ.

ಒಂಟಿಕೊಪ್ಪಲ್ ಓಪನ್ ಜಿ:
ನಡುವೆ ಬಂದು ಕೇಳ್ತಿದೀನಿ, ಫಿಂಗರ್‌ಬೋರ್ಡ್ ಒಣಗಿ ಬಿಳಿಚಿಕೊಂಡಿದ್ದರೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಕುವೆಂಪುನಗರ ಫ್ರೆಟ್ಸ್:
ಬೇಡ. ಅಡುಗೆ ಎಣ್ಣೆಗಳು ಮರದೊಳಗೆ ಉಳಿದು ಕಮಟಿ, ಧೂಳು ಹಿಡಿದು ಜಿಗುಟಾಗುತ್ತೆ. ಮಿನರಲ್ ಆಯಿಲ್ ನಾಲ್ಕು ಹನಿ ಬಟ್ಟೆಗೆ ಹಾಕಿ ಸವರಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿ. ಬೀಟೆ ಮರಕ್ಕೂ ಲಾರೆಲ್‌ಗೂ ಇದೇ. ಫೆಂಡರ್‌ನ ಅಗ್ಗದ ಬ್ರಾಂಡ್ ಸ್ಕ್ವಯರ್‌ನ ಎಷ್ಟೋ ಗಿಟಾರ್‌ಗಳಲ್ಲಿ ಬರುವ ಇಂಡಿಯನ್ ಲಾರೆಲ್ ನಮ್ಮ ಕಾಡಿನ ಮತ್ತಿ ಮರವೇ. ಬೀಟೆಯನ್ನ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಸೇರಿಸಿದ ಮೇಲೆ ಇಂಥ ಮರಗಳ ಬಳಕೆ ಹೆಚ್ಚಿತು. ವಾರ್ನಿಷ್ ಹೊಡೆದ ಮೇಪಲ್ ಬೋರ್ಡ್‌ಗೆ ಎಣ್ಣೆ ಬೇಕಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಗೆ ಬೋರ್ಡ್ ಕುಗ್ಗಿ ಫ್ರೆಟ್ ತುದಿ ಕೈಗೆ ಚುಚ್ಚಿದರೆ, ಬೋರ್ಡ್‌ಗೆ ಟೇಪ್ ಹಾಕಿ ಸಣ್ಣ ಅರದಿಂದ ತುದಿ ದುಂಡಗೆ ಮಾಡಿ.

ಸಕ್ಕರೆನಾಡು ರಿದಮ್:
ಸ್ಟ್ರಾಟ್ ಅವರೇ, ಉಳಿದ ದುಡ್ಡಲ್ಲಿ ಏನ್ ಮಾಡ್ಬೇಕು ಅಂತ ಕೇಳೋಕೆ ಮುಂಚೆ ಹೇಳ್ಬುಡ್ತೀನಿ. ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಗಿಟಾರನ್ನ ನೇರ ಮಿಕ್ಸರ್ ಲೈನ್‌ಗೆ ಚುಚ್ತಾರೆ. ಗಿಟಾರ್‌ಗೆ 1 ಮೆಗಾಓಮ್ ಇನ್‌ಪುಟ್ ಬೇಕು, ಲೈನ್ ಇನ್‌ಪುಟ್ ಅದಕ್ಕಿಂತ ಎಷ್ಟೋ ಕಡಿಮೆ. ಮೇಲಿನ ಸ್ವರಗಳ ಹೊಳಪೆಲ್ಲ ಅಲ್ಲೇ ಸೋರಿಹೋಗುತ್ತೆ, ಸಾವಿರಾರು ರೂಪಾಯಿ ಪಿಕಪ್ ಹಾಕಿದ್ರೂ ಅಷ್ಟೇ. ನಡುವೆ ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನ ಮಿಕ್ಸರ್‌ಗೆ ಹೊಂದಿಸೋ ಡಬ್ಬಿ) ಇಡಿ, ಇಲ್ಲ ಸ್ಪೀಕರ್ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರಿನ ಧ್ವನಿ ಅನುಕರಿಸೋದು) ಇರೋ ಸಣ್ಣ ಮಲ್ಟಿ ಎಫೆಕ್ಟ್ ಪೆಡಲ್. ನಿಮ್ಮ ದುಡ್ಡಿನ ದೊಡ್ಡ ಪಾಲು ಅದಕ್ಕೆ ಹೋಗಲಿ.

ಬೆಸುಗೆ ಕಡ್ಡಿ:
ರಿದಮ್ ಹೇಳಿದ ಬಯಲು ಸ್ಟೇಜ್‌ಗೆ ಇದನ್ನೂ ಸೇರಿಸಿ. ಗಿಟಾರ್ ತಂತಿ ಆಂಪ್‌ನ ಅರ್ತ್‌ಗೆ ಸೇರಿರುತ್ತೆ, ಮೈಕ್ ಜಾಲರಿ ಮಿಕ್ಸರ್‌ನ ಅರ್ತ್‌ಗೆ. ಜನರೇಟರ್‌ನಲ್ಲಿ ಅರ್ತ್ ಇಲ್ಲದೆ ಇವೆರಡರ ನಡುವೆ ವೋಲ್ಟೇಜ್ ನಿಂತಿದ್ದರೆ, ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದ ಕೂಡಲೇ ಶಾಕ್. ಹಾಡೋಕೆ ಮುಂಚೆ ಮಲ್ಟಿಮೀಟರ್‌ನ ಎಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ಮುಟ್ಟಿಸಿ. ಸೊನ್ನೆ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ನುಡಿಸಬೇಡಿ, ಎಲೆಕ್ಟ್ರಿಷಿಯನ್ ಬಂದು ಆಂಪ್, ಮಿಕ್ಸರ್ ಎರಡನ್ನೂ ಒಂದೇ ಅರ್ತ್ ಇರುವ ಬೋರ್ಡ್‌ಗೆ ಹಾಕಲಿ. ಗುಂಯ್ ಹೋಗುತ್ತೆ ಅಂತ ಯಾರಾದರೂ ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಕತ್ತರಿಸೋಕೆ ಹೇಳಿದರೆ ಕೇಳಬೇಡಿ, ಜೀವಕ್ಕೆ ಅಪಾಯ.

ಸರಸ್ವತಿಪುರಂ ಸ್ಟ್ರಾಟ್:
ಬರೆದುಕೊಂಡೆ. ರಾಡ್, ನಟ್, ಬ್ರಿಡ್ಜ್, ಆಕ್ಷನ್, ತಂತಿ, ಇಂಟೊನೇಶನ್, ಆಮೇಲೆ ತಾಮ್ರದ ಟೇಪ್ ಮತ್ತು ಸ್ವಿಚ್. ಒಂದೇ ಅನುಮಾನ, ಟೇಪ್ ಹಾಕೋಕೆ ಪಿಕ್‌ಗಾರ್ಡ್ ಬಿಚ್ಚಬೇಕು, ಹೊಸ ತಂತಿ ಹಾಕಿದ ಮೇಲೆ ಬಿಚ್ಚಿದರೆ ಅವು ಹಾಳಾಗಲ್ವಾ?

ಬೆಸುಗೆ ಕಡ್ಡಿ:
ಸರಿಯಾಗಿ ಹಿಡಿದಿರಿ. ಟೇಪ್ ಮತ್ತು ಸ್ವಿಚ್ ಕೆಲಸವನ್ನ ಹೊಸ ತಂತಿಗೆ ಮುಂಚೆ ತನ್ನಿ. ರಾಡ್ ಮತ್ತು ನಟ್ ಹಳೇ ತಂತಿಯಲ್ಲೇ ಆಗಲಿ, ಆದರೆ ಆಮೇಲೆ ಹಾಕುವ ತಂತಿಯ ಗೇಜ್ (ದಪ್ಪ) ಅದೇ ಇರಲಿ. 9ರಿಂದ 10ಕ್ಕೆ ಹೋದರೆ ಎಳೆತ ಹೆಚ್ಚಾಗಿ ರಿಲೀಫ್ ಮತ್ತೆ ಬದಲಾಗುತ್ತೆ, ನಟ್ ಸೀಳೂ ಬಿಗಿಯಾಗುತ್ತೆ.